ಸ್ನಾನದ ತೊಟ್ಟಿಯಲ್ಲಿ ತುಳಸಿ

ರಾಜಾಜಿನಗರ

ಸಂಜೆ ಆರು ನಲವತ್ತಕ್ಕೆ ಎಲ್ಲ ಕೆಟ್ಟಿತು. ಗಂಟೆ ನೆನಪಿರುವುದಕ್ಕೆ ಕಾರಣವಿದೆ. ಆಗಷ್ಟೇ ಫೋನಿನಲ್ಲಿ ಸಮಯ ನೋಡಿ, "ಸೆಲ್ವಿ, ಬೇಗ ಮುಗಿಸೇ, ಮಾಗಡಿ ರೋಡು ಜಾಮ್ ಆಗತ್ತೆ" ಎಂದಿದ್ದೆ.

ನಾನು ಮತ್ತು ಸೆಲ್ವಿ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಇಂಜಿನಿಯರುಗಳು. ನಾನು ಸುಂಕದಕಟ್ಟೆಯವಳು. ತಾತ ರಾಗಿ ಬೆಳೆಯುತ್ತಿದ್ದ ಜಮೀನಿನ ಮೇಲೆ ಈಗ ನಮ್ಮ ಮನೆ ಇದೆ, ಮನೆಯ ಕೆಳಗೆ ಬಾಡಿಗೆಗೆ ಕೊಟ್ಟ ಪ್ರಾವಿಷನ್ ಸ್ಟೋರು. ಸೆಲ್ವಿಯ ತಾತ ವೇಲೂರು ಕಡೆಯಿಂದ ಗಿರಣಿ ಕೆಲಸಕ್ಕೆ ಬಂದು ರಾಜಾಜಿನಗರದಲ್ಲಿ ನೆಲೆನಿಂತವರು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ಜಗಳವಾಡುವ ಕನ್ನಡ ನನಗಿಂತ ಅವಳಿಗೆ ಚೆನ್ನಾಗಿ ಬರುತ್ತದೆ. ಅಮ್ಮನ ಜೊತೆ ಮಾತ್ರ ತಮಿಳು.

ಆ ಅಮ್ಮನಿಗೆ ಕಿವಿ ಮಂದ. ಕೆಲಸ ಮುಗಿದ ಮೇಲೆ ಗೇಟಿನ ಎದುರಿನ ಬಸಣ್ಣನ ಚಹದಂಗಡಿಯಲ್ಲಿ ನಿಂತು, ಮನೆಗೆ ಏನು ತರಬೇಕೆಂದು ಸೆಲ್ವಿ ಫೋನಿನಲ್ಲಿ ಕೂಗಿ ಕೇಳುವುದು ದಿನದ ಕ್ರಮ. ಬಸಣ್ಣ ನಗುತ್ತಿದ್ದ. "ಅಕ್ಕಾರ, ಫೋನ್ ಯಾಕ್ ಬೇಕ್ರಿ? ಹಂಗ ಒದರಿದ್ರ ಮನಿಗೆ ಮುಟ್ತದ." ಬಸಣ್ಣ ಗದಗದ ಹತ್ತಿರದ ರೋಣದವನು. ಆದರೆ ಎಸ್ಟೇಟಿನಲ್ಲಿ ಎಲ್ಲರೂ ಅವನನ್ನು ಕರೆಯುವುದು "ಏ ಬಿಜಾಪುರ, ಎರಡು ಟೀ" ಎಂದೇ.

ನದಿ ನೀರಿನ ಜಗಳ ಟಿವಿಯಲ್ಲಿ ಕಾವೇರಿದ್ದ ವಾರ ಅದು. ಎರಡು ಬೈಕಿನಲ್ಲಿ ನಾಲ್ವರು ಹುಡುಗರು ಬಂದು ನಿಂತರು. ಒಬ್ಬ ಸೆಲ್ವಿಯ ಮಾತು ಕೇಳಿ ತಿರುಗಿದ.

"ಏ ಕೊಂಗಾ, ಕನ್ನಡದಲ್ಲಿ ಮಾತಾಡು."

"ಅಮ್ಮನ ಹತ್ರ ಮಾತಾಡ್ತಾ ಇದೀನಿ ಕಣಪ್ಪಾ," ಎಂದಳು ಸೆಲ್ವಿ, ಕನ್ನಡದಲ್ಲೇ.

ಅವನು ಫೋನು ಕಿತ್ತು ರಸ್ತೆಗೆ ಎಸೆದ. ಇನ್ನೊಬ್ಬ ಹೆಲ್ಮೆಟ್ ಎತ್ತಿದ. ನಾನು ಅವನಿಗೂ ಸೆಲ್ವಿಗೂ ನಡುವೆ ಇದ್ದೆ. ಹೆಲ್ಮೆಟ್ಟು ನನ್ನ ತಲೆಯ ಪಕ್ಕದಿಂದ ಇಳಿದು ನಮ್ಮ ಸ್ಕೂಟರಿನ ಕನ್ನಡಿಗೆ ಬಡಿಯಿತು. ಗಾಜಿನ ಚೂರೊಂದು ಸೆಲ್ವಿಯ ಹುಬ್ಬಿಗೆ ಹೊಕ್ಕಿತು. ಬಸಣ್ಣ "ಒಳಗ ಬರ್ರಿ, ಒಳಗ ಬರ್ರಿ" ಎನ್ನುತ್ತ ನಮ್ಮಿಬ್ಬರನ್ನೂ ಎಳೆದುಕೊಂಡು ಶಟರ್ ಇಳಿಸಿಬಿಟ್ಟ. ಹೊರಗಿನಿಂದ ಅದನ್ನು ಒದ್ದರು, ಮತ್ತೆ ಒದ್ದರು. ಕತ್ತಲಲ್ಲಿ ಹಾಲಿನ ವಾಸನೆ, ಸೆಲ್ವಿಯ ಉಸಿರು, ಆ ತಗಡಿನ ಸದ್ದು.

ಹುಬ್ಬಿಗೆ ಹೊಲಿಗೆ ಬಿತ್ತು, ದೂರು ಕೊಟ್ಟೆವು, ಇಬ್ಬರು ಸಿಕ್ಕಿದರು. ಆದರೆ ನನ್ನ ನಿದ್ದೆ ಹೋಯಿತು. ಮಲಗಿದರೆ ಹೆಲ್ಮೆಟ್ಟು ಮತ್ತೆ ಮೇಲೇಳುತ್ತಿತ್ತು. ಹೇಗೋ ಕಣ್ಣು ಮುಚ್ಚಿದರೆ, ಬೆಳಕು ಹರಿಯುವ ಮುನ್ನವೇ ಕೆಳಗಿನ ಅಂಗಡಿಯವರು ಶಟರ್ ಎತ್ತುವ ಸದ್ದಿಗೆ ಎದ್ದು ಕೂರುತ್ತಿದ್ದೆ.

ಸೆಲ್ವಿ ಅಮ್ಮನಿಗೆ ಸ್ಕೂಟರಿನಿಂದ ಬಿದ್ದೆ ಎಂದು ಹೇಳಿದಳು. ಅಂದಿನಿಂದ ಮನೆಯ ಹೊರಗೆ ಅಮ್ಮನಿಗೆ ಫೋನು ಮಾಡುವುದನ್ನು ನಿಲ್ಲಿಸಿದಳು. ಅಮ್ಮನೇ ಮಾಡಿದರೆ ಬಾಯಿಗೆ ಕೈ ಅಡ್ಡ ಹಿಡಿದು "ಹ್ಞೂಂ, ಹ್ಞೂಂ" ಎಂದು ಇಟ್ಟುಬಿಡುವಳು. ಆ ಹ್ಞೂಂಗಳು ಅತ್ತ ಕಡೆ ಕೇಳಿಸುತ್ತಲೂ ಇರಲಿಲ್ಲ. ಒಮ್ಮೆ ನಾನು ಅವರ ಮನೆಗೆ ಹೋದಾಗ ಆ ತಾಯಿ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದರು: "ನನ್ ಮೇಲೆ ಅವಳಿಗೆ ಏನ್ ಕೋಪ ಅಂತ ನೀನಾದ್ರೂ ಹೇಳಮ್ಮಾ."

ಆಕಾಶದಲ್ಲಿ

ಇಟಲಿಗೆ ಹೋಗುವುದು ಮೊದಲೇ ನಿಶ್ಚಯವಾಗಿತ್ತು. ಕಾರ್ಖಾನೆಗೆ ತರಿಸುತ್ತಿದ್ದ ಹೊಸ ಗ್ರೈಂಡಿಂಗ್ ಯಂತ್ರವನ್ನು ಕಲಿಯಲು ನಾವಿಬ್ಬರು ಟೂರಿನ್ ನಗರಕ್ಕೆ ಎರಡು ವಾರ ಹೋಗಬೇಕಿತ್ತು. ಅಲ್ಲಿಯವರು ಅದನ್ನು ಟೊರಿನೊ ಎನ್ನುತ್ತಾರೆ. ಬೇಡವೆಂದು ಹೇಳಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.

ವಿಮಾನದಲ್ಲಿ ಸೆಲ್ವಿ ಇದ್ದಕ್ಕಿದ್ದಂತೆ ಹೇಳಿದಳು. "ಕೊಂಗು ಅಂದ್ರೆ ಕೊಯಮತ್ತೂರು, ಈರೋಡು ಕಡೆ ಕಣೇ. ಆ ಸೀಮೆ ಹೆಸರು. ನಮ್ದು ವೇಲೂರು. ಬೈಯೋರು ಜಿಯಾಗ್ರಫಿನಾದ್ರೂ ಓದ್ಕೊಂಡು ಬರಬಾರ್ದಾ?"

ಆ ಘಟನೆಯ ಬಗ್ಗೆ ಅವಳು ಆಡಿದ ಮೊದಲ ತಮಾಷೆ ಅದು. ನಾನು ನಕ್ಕೆ, ಅವಳು ನಗಲಿಲ್ಲ. ನನಗೆ ಬಸಣ್ಣ ನೆನಪಾದ. ಒಂದು ಸೀಮೆಯ ಹೆಸರು, ಒಂದು ಊರಿನ ಹೆಸರು. ಆ ಊರಿನವರು ಆ ಊರಿನಲ್ಲಿ ಹೇಳಿಕೊಂಡರೆ ಬರಿಯ ವಿಳಾಸ. ಅದನ್ನೇ ಇನ್ನೊಬ್ಬರ ಊರಿನಲ್ಲಿ, ಇನ್ನೊಬ್ಬರು ಎತ್ತಿದರೆ ಕಲ್ಲು. ಬಸಣ್ಣನಿಗೆ ಅದು ಇನ್ನೂ ಕಲ್ಲಾಗಿಲ್ಲವೇ, ಅಥವಾ ಅವನು ತೋರಿಸಿಕೊಳ್ಳುವುದಿಲ್ಲವೇ? ನಾನು ಯಾವತ್ತೂ ಕೇಳಿರಲಿಲ್ಲ.

ಟೊರಿನೊ, ಮೊದಲ ದಿನ

ಊರಿನ ಕೊನೆಯಲ್ಲಿ ಹಿಮದ ಬೆಟ್ಟಗಳ ಸಾಲು ಇದೆ. ರಸ್ತೆಗಳು ರಾಜಾಜಿನಗರದ ಬ್ಲಾಕುಗಳಂತೆ ನೇರ. ಕಾರಿನ ಕಾರ್ಖಾನೆಗಳಿಂದ ಬೆಳೆದ ಊರಂತೆ. ನಮ್ಮ ಎಸ್ಟೇಟನ್ನೇ ಯಾರೋ ಸೋಪು ಹಾಕಿ ತೊಳೆದು ನೂರು ಪಟ್ಟು ಹಿಗ್ಗಿಸಿದಂತೆ ಕಂಡಿತು.

ಸಂಜೆ ಹೋಟೆಲಿನ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚುತ್ತಿದ್ದಾಗ ಹೊರಗೆ ದಡದಡ ಸದ್ದಾಯಿತು. ನಾನು ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದೆ. ಹೇಗೆ ಕುಳಿತೆನೋ ಗೊತ್ತಿಲ್ಲ. ಮತ್ತೊಂದು ದಡದಡ, ಮೇಲಿನಿಂದ ಇನ್ನೊಂದು. ಸೆಲ್ವಿ ಕಿಟಕಿಯಿಂದ ನೋಡಿ ಬಂದು ನನ್ನ ಭುಜ ಹಿಡಿದಳು. "ಏನಿಲ್ಲ ಪವಿ. ಕಿಟಕಿ ಶಟರ್ ಇಳಿಸ್ತಾ ಇದಾರೆ. ಇಲ್ಲಿ ಮನೆಮನೆಗೂ ಇದೆ." ಇಡೀ ಊರು ಸಂಜೆಯಾದರೆ ಶಟರ್ ಇಳಿಸುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಬಚ್ಚಲುಮನೆಯಲ್ಲಿ ಆಳವಾದ ಬಿಳಿ ತೊಟ್ಟಿ ಇತ್ತು. ಬಕೆಟ್ಟಿಲ್ಲ, ಚೊಂಬಿಲ್ಲ. ಷವರಿನ ನೀರು ಒಮ್ಮೆ ಸುಡುತ್ತಿತ್ತು, ಒಮ್ಮೆ ಕೊರೆಯುತ್ತಿತ್ತು. ನಾನು ತೊಟ್ಟಿಗೆ ನೀರು ಬಿಟ್ಟು ಅದರೊಳಗೇ ನಿಂತು ಕಾಫಿ ಕಪ್ಪಿನಲ್ಲಿ ಮೊಗೆದು ಮೊಗೆದು ಸ್ನಾನ ಮಾಡಿದೆ. ಸೆಲ್ವಿ ಆ ತೊಟ್ಟಿಗೆ ಬೇರೆ ಉಪಯೋಗ ಕಂಡುಕೊಂಡಳು. ಬಾಗಿಲು ಹಾಕಿ, ಬೇಸಿನ್ನಿನ ನಲ್ಲಿ ಜೋರಾಗಿ ಬಿಟ್ಟು, ಒಣಗಿದ ತೊಟ್ಟಿಯೊಳಗೆ ಕಾಲು ಮಡಚಿ ಕುಳಿತು ಅಮ್ಮನಿಗೆ ಫೋನು ಮಾಡುತ್ತಿದ್ದಳು. ತಮಿಳೂ ಕನ್ನಡವೂ ಯಾರಿಗೂ ಗೊತ್ತಿಲ್ಲದ ಊರಿನಲ್ಲಿ. ಅತ್ತಲಿಂದ ಅಮ್ಮ "ಏನಂದೆ? ಏನಂದೆ?" ಎನ್ನುವುದು ಬಾಗಿಲಾಚೆ ನನಗೂ ಕೇಳಿಸುತ್ತಿತ್ತು.

ಕಾರ್ಖಾನೆಯ ಊಟದ ಮನೆ

ನಮಗೆ ಯಂತ್ರ ಕಲಿಸಿದವರು ಪಿಯೆರೊ, ನಿವೃತ್ತಿಯ ಹೊಸ್ತಿಲಿನಲ್ಲಿದ್ದ ಇಂಜಿನಿಯರ್, ಆ ಸೀಮೆಯವರೇ. ನಮಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಿದ್ದವರು ಅವರ ಸಹೋದ್ಯೋಗಿ ರೊಸಾರಿಯಾ. ಆಕೆಯ ತಂದೆತಾಯಿ ಇಟಲಿಯ ದಕ್ಷಿಣ ತುದಿಯಿಂದ ಕಾರಿನ ಕಾರ್ಖಾನೆಯ ಕೆಲಸಕ್ಕೆ ವಲಸೆ ಬಂದವರು.

ಊಟದ ಮನೆಗೆ ಹೋದ ಮೊದಲ ದಿನ ಪಿಯೆರೊ ತಟ್ಟೆ ಹಿಡಿದು ಕೂಗಿದರು. "ಜಾಗ ಬಿಡು, ತೆರ್ರೋನಾ."

"ಮೊದಲು ಉಣ್ಣೋಕೆ ಕಲಿ, ಪೊಲೆಂತೋನೆ," ಎಂದರು ರೊಸಾರಿಯಾ.

ಇಬ್ಬರೂ ನಕ್ಕರು. ಸೆಲ್ವಿ ಮಾತ್ರ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಅರ್ಥ ಗೊತ್ತಿಲ್ಲದಿದ್ದರೂ ಆ ಮಾತುಗಳು ಯಾವ ಜಾತಿಯವು ಎಂದು ಅವಳಿಗೆ ಗೊತ್ತಾಗಿತ್ತು.

ಅರ್ಥ ಆಮೇಲೆ ತಿಳಿಯಿತು. ಉತ್ತರದವರು ಮುಸುಕಿನ ಜೋಳದ ಹಿಟ್ಟಿನಿಂದ ಪೊಲೆಂತಾ ಎಂಬ ಹಳದಿ ಮುದ್ದೆ ಮಾಡಿ ತಿನ್ನುತ್ತಾರೆ. ಹಾಗಾಗಿ ದಕ್ಷಿಣದವರಿಗೆ ಅವರು ಪೊಲೆಂತೋನೆಗಳು. ಮುದ್ದೆಬಾಕರು ಎನ್ನಬಹುದು. ತೆರ್ರಾ ಎಂದರೆ ಮಣ್ಣು. ಉತ್ತರದವರಿಗೆ ದಕ್ಷಿಣದವರು ತೆರ್ರೋನೆಗಳು, ಹೆಂಗಸಾದರೆ ತೆರ್ರೋನಾ.

ನನಗೆ ಮೊದಲು ಹಿಡಿಸಿದ್ದು ಮುದ್ದೆ. ಮಾರನೆಯ ದಿನ ಪೊಲೆಂತಾ ಬಡಿಸಿದರು, ಜೊತೆಗೆ ಮಾಂಸದ ಸಾರು. ಸುಂಕದಕಟ್ಟೆಯವಳಿಗೆ ಇನ್ನೇನು ಬೇಕು? ಚಮಚ ಪಕ್ಕಕ್ಕಿಟ್ಟು, ಬೆರಳಲ್ಲಿ ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದೆ. ಅದು ರಾಗಿ ಮುದ್ದೆಯಷ್ಟು ಗಟ್ಟಿಯಲ್ಲ. ಗಂಟಲಿಗೆ ಅಂಟಿ ಎದೆಯವರೆಗೂ ಸುಡುತ್ತ ಇಳಿಯಿತು. ಕಣ್ಣಲ್ಲಿ ನೀರು ಬಂತು. ಪಿಯೆರೊ ನೀರು ಕೊಟ್ಟು, ಬಹಳ ಗೌರವದಿಂದ ಕೇಳಿದರು: "ನಿಮ್ಮ ಊರಲ್ಲಿ ಹಲ್ಲು ಬಳಸುವುದಿಲ್ಲವೇ?"

"ಮುದ್ದೆಗೆ ಬಳಸಲ್ಲ," ಎಂದೆ.

ಸೆಲ್ವಿ ನಕ್ಕಳು. ವಾರಗಳ ಮೇಲೆ ಅವಳ ಹಲ್ಲು ಕಂಡಿದ್ದು ಅಂದೇ.

ಪೋ ನದಿಯ ದಂಡೆ

ಒಂದು ಸಂಜೆ ಪಿಯೆರೊ ನಮ್ಮನ್ನು ನದಿಯ ದಂಡೆಗೆ ವಾಕಿಂಗಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ತಮ್ಮ ಸೀಮೆಯವರ ಇನ್ನೊಂದು ಹೆಸರು ಹೇಳಿದರು: ಬುಜಾನೆನ್. ಅಲ್ಲಾಡದವರು. ಹಿಂದೆ ಬೆಟ್ಟದ ಮೇಲಿನ ಒಂದು ಯುದ್ಧದಲ್ಲಿ, ಹಿಂದಕ್ಕೆ ಬನ್ನಿ ಎಂದರೂ ಅವರ ಸೈನಿಕರು ಇದ್ದ ಜಾಗದಿಂದ ಕದಲಲಿಲ್ಲವಂತೆ. ಹಾಗೆ ಬಂದ ಬಿರುದು. ಕಾಲ ಕಳೆದಂತೆ ಅದೇ ಹೆಸರು ಹೀಯಾಳಿಕೆಯಾಯಿತು. ಹೊಸದಕ್ಕೆ ಕೈ ಹಾಕದವರು, ಕೂತಲ್ಲೇ ಕೂರುವವರು ಎಂದು.

"ನಿಮಗೆ ಯಾವ ಅರ್ಥ ಇಷ್ಟ?" ಎಂದು ಕೇಳಿದೆ.

"ಹೆಂಡತಿ ಬೈದಾಗ ಎರಡನೇದು ನಿಜ. ಉಳಿದ ಹೊತ್ತು ಮೊದಲನೇದು."

ನಾನು ಆ ಹೆಸರನ್ನೇ ಯೋಚಿಸುತ್ತ ನಡೆದೆ. ಹೆಲ್ಮೆಟ್ಟು ಮೇಲೆದ್ದಾಗ ನಾನು ಸೆಲ್ವಿಯ ಮುಂದೆ ನಿಂತಿದ್ದೆ, ಕದಲಲಿಲ್ಲ. ಗಟ್ಟಿಯಾಗಿ ನಿಂತೆನೋ, ಹೆದರಿ ಮರಗಟ್ಟಿದೆನೋ, ಎಷ್ಟು ಸಲ ಆ ಗಳಿಗೆಯನ್ನು ತಿರುಗಿಸಿ ನೋಡಿದರೂ ತಿಳಿಯುತ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ನಿಲುವು. ಸೆಲ್ವಿಗೆ ಅದನ್ನು ಹೇಳಿದೆ.

"ನೀನು ಅಲ್ಲಿದ್ದೆ. ನನಗೆ ಅಷ್ಟು ಸಾಕು," ಎಂದಳು. "ನಡಿ, ಚಳಿ."

ಕಾನ್ಚೆತ್ತಾ ಅಜ್ಜಿಯ ಬಾಲ್ಕನಿ

ಭಾನುವಾರ ರೊಸಾರಿಯಾ ನಮ್ಮನ್ನು ತಮ್ಮ ತಾಯಿಯ ಮನೆಗೆ ಊಟಕ್ಕೆ ಕರೆದರು. ತಾಯಿ ಕಾನ್ಚೆತ್ತಾ ಗಿಡ್ಡ ಆಳು, ಗಟ್ಟಿ ಕೈ. ತಟ್ಟೆ ಖಾಲಿಯಾಗಲು ಬಿಡದ ಮನುಷ್ಯೆ. ಸಾಕು ಎಂದು ಕೈ ಅಡ್ಡ ಹಿಡಿದರೆ ಕೈ ಸರಿಸಿ ಬಡಿಸುತ್ತಿದ್ದರು, ಥೇಟ್ ನಮ್ಮ ಅಜ್ಜಿ. ಊರಿನಲ್ಲಿ ತಮ್ಮ ತಂದೆ ಹೊಲ ಮಾಡುತ್ತಿದ್ದರು ಎಂದು ಅವರು ಹೇಳಿದಾಗ ನನಗೆ ತಡೆಯಲಾಗಲಿಲ್ಲ. ನಮ್ಮದೂ ಹೊಲ ಮಾಡಿದ ಮನೆತನ. ನಮ್ಮ ಕಡೆ ಮಣ್ಣಿನ ಮಕ್ಕಳು ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ, ಭಾಷಣ ಮಾಡುವವರು ಅದಕ್ಕಾಗಿ ಕಿತ್ತಾಡುತ್ತಾರೆ. ಸ್ನೇಹವಾಗಬೇಕಾದರೆ ಎದುರಿನವರ ಮಾತಿನಿಂದ ಒಂದು ಪದ ಎತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವುದೂ ಬೆಂಗಳೂರಿನ ಅಭ್ಯಾಸ. ಗೆಳೆಯರಿಗೆ ತಮಿಳರ ಹಾಗೆ ಮಚ್ಚಾ ಎನ್ನುವುದನ್ನು ನಾವು ಕಲಿತದ್ದೇ ಹಾಗೆ.

ಎದೆಯ ಮೇಲೆ ಕೈಯಿಟ್ಟುಕೊಂಡೆ. ಆಮೇಲೆ ಅವರತ್ತ ತೋರಿಸಿ ನಗುತ್ತ ಹೇಳಿದೆ. "ನಾನು ತೆರ್ರೋನಾ, ನೀವು ತೆರ್ರೋನಾ."

ಅಜ್ಜಿ ಸೌಟನ್ನು ಪಾತ್ರೆಯೊಳಗೆ ಇಟ್ಟರು. ಎದ್ದು ಬಾಲ್ಕನಿಗೆ ಹೋದರು.

ರೊಸಾರಿಯಾ ನನ್ನನ್ನು ಬೈಯಲಿಲ್ಲ, ನಿಧಾನವಾಗಿ ಹೇಳಿದರು. "ಅದನ್ನು ಪಿಯೆರೊ ನನಗೆ ಅನ್ನಬಹುದು. ನಾನು ಅವನಿಗೆ ತಿರುಗಿಸಿ ಅನ್ನಬಹುದು. ಎಷ್ಟೋ ವರ್ಷ ಒಟ್ಟಿಗೆ ಉಂಡ ಮೇಲೆ ಅದು ತಮಾಷೆಯಾಯಿತು. ನನ್ನ ಅಮ್ಮನಿಗೆ ಅದನ್ನು ಅಂದವರು ಅವಳ ಜೊತೆ ಉಂಡವರಲ್ಲ."

ಆ ಸಂಜೆಯ ಹಾಲಿನ ವಾಸನೆ ಮತ್ತೆ ಮೂಗಿಗೆ ಬಂತು. ಕುರ್ಚಿ ಸರಿದ ಸದ್ದಾಯಿತು. ಸೆಲ್ವಿ ಎದ್ದು ಬಾಲ್ಕನಿಗೆ ಹೋಗಿ ಅಜ್ಜಿಯ ಪಕ್ಕ ನಿಂತಿದ್ದಳು. ರೊಸಾರಿಯಾ ಅವಳ ಹಿಂದೆ ಹೋದರು, ನಾನು ಬಾಗಿಲಲ್ಲಿ ನಿಂತೆ.

"ನನಗೂ ಒಂದು ಹೆಸರಿದೆ," ಎಂದಳು ಸೆಲ್ವಿ. "ಕೊಂಗ." ಹುಬ್ಬಿನ ಮೇಲಿನ ಗೆರೆಯನ್ನು ತೋರಿಸಿದಳು. "ಅಮ್ಮನ ಹತ್ತಿರ ನಮ್ಮ ಭಾಷೆಯಲ್ಲಿ ಮಾತಾಡ್ತಿದ್ದೆ. ಅವಳು ಅಲ್ಲಿ ನಿಂತಿದಾಳಲ್ಲ, ನನ್ನ ಗೆಳತಿ, ನನಗೆ ಅಡ್ಡ ನಿಂತಳು. ಅವಳಿಗೆ ನಿಮ್ಮ ಪದದ ಅರ್ಥ ಗೊತ್ತಿರಲಿಲ್ಲ. ಅವರ ಮನೇಲಿ ಮಣ್ಣು ಅಂದ್ರೆ ದೇವರು."

ರೊಸಾರಿಯಾ ಅದನ್ನು ತಾಯಿಯ ಮಾತಿಗೆ ತಿರುಗಿಸಿದರು. ಅಜ್ಜಿ ಸೆಲ್ವಿಯ ಹುಬ್ಬನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ನನ್ನನ್ನು ಕೈ ಬೀಸಿ ಕರೆದು ಬಾಲ್ಕನಿಯ ಮೂಲೆಯನ್ನು ತೋರಿಸಿದರು. ಅಲ್ಲೊಂದು ಹಳೆಯ, ಅಂಚು ಕಪ್ಪಾದ ಸ್ನಾನದ ತೊಟ್ಟಿ. ಅದರ ತುಂಬ ಮಣ್ಣು, ಮಣ್ಣಿನ ತುಂಬ ಹಸಿರು. ನಮ್ಮ ಕಾಮಕಸ್ತೂರಿಯ ಜಾತಿಯ ಗಿಡ. ಇಟಲಿಯವರ ಅಡುಗೆಗೆ ಅದಿಲ್ಲದೆ ಆಗುವುದಿಲ್ಲ.

ಅಜ್ಜಿ ಹೇಳಿದ ಕಥೆ ಇದು. ಅವರು ಮದುವೆಯಾಗಿ ಈ ಊರಿಗೆ ಬಂದಾಗ ಕಿಟಕಿಗಳಲ್ಲಿ ಬೋರ್ಡುಗಳು ತೂಗುತ್ತಿದ್ದವು: ದಕ್ಷಿಣದವರಿಗೆ ಮನೆ ಬಾಡಿಗೆಗಿಲ್ಲ. ನನಗೆ ನಮ್ಮ ಬಡಾವಣೆಗಳ ಟು-ಲೆಟ್ ಬೋರ್ಡುಗಳು ನೆನಪಾದವು. ಅವುಗಳಲ್ಲಿ ಇಷ್ಟು ನೇರವಾಗಿ ಬರೆಯುವುದಿಲ್ಲ, ಗೇಟಿನಲ್ಲಿ ನಿಲ್ಲಿಸಿಕೊಂಡು ಊರು ಕೇಳುತ್ತಾರೆ. ಕೊನೆಗೆ ಅಜ್ಜಿಯವರಿಗೆ ಈ ಮನೆ ಸಿಕ್ಕಿತು. ಕೆಳಗಿನ ಮನೆಯಾಕೆ ಕಟ್ಟಡಕ್ಕೆಲ್ಲ ಹೇಳಿಕೊಂಡು ಬಂದಳಂತೆ: ತೆರ್ರೋನೆಗಳಿಗೆ ಸ್ನಾನ ಗೊತ್ತಿಲ್ಲ, ತೊಟ್ಟಿಯಲ್ಲಿ ಸೊಪ್ಪು ಬೆಳೆಯುತ್ತಾರೆ. ಊರೆಲ್ಲ ಆಗ ಹೇಳುತ್ತಿದ್ದ ಮಾತೇ ಅದು.

"ಬೆಳೆದಿರಲಿಲ್ಲ," ಎಂದರು ಅಜ್ಜಿ. "ಹುಟ್ಟಿದ ಮೇಲೆ ಅಂಥ ತೊಟ್ಟಿ ನೋಡಿದ್ದೇ ಆಗ. ಮಕ್ಕಳನ್ನ ಅದರೊಳಗೆ ನಿಲ್ಲಿಸಿ ಬಕೆಟ್ಟಿನಿಂದ ನೀರು ಹುಯ್ತಿದ್ದೆ."

ನಾನು ಕಾಫಿ ಕಪ್ಪಿನ ಸ್ನಾನದ ಸಂಗತಿ ಹೇಳಿದೆ. ಅಜ್ಜಿ ನನ್ನ ತೋಳಿಗೆ ಒಂದು ಹೊಡೆದು ನಕ್ಕರು.

ವರ್ಷಗಳಾದ ಮೇಲೆ ಬಚ್ಚಲು ಹೊಸದು ಮಾಡಿಸಿದಾಗ, ಹಳೆಯ ತೊಟ್ಟಿಯನ್ನು ಎಸೆಯಬೇಡಿ, ಬಾಲ್ಕನಿಗೆ ಹೊತ್ತು ತನ್ನಿ ಎಂದು ಅಜ್ಜಿ ಹಟ ಹಿಡಿದರಂತೆ. ನಾಲ್ಕು ಜನ ಬೇಕಾಯಿತು. ಕೆಳಗಿನವಳು ತಲೆ ಎತ್ತಿದರೆ ಕಾಣುವ ಹಾಗೆ ಇಡಿಸಿ, ಸೊಪ್ಪು ಹಾಕಿದರು. ಹೇಳಿದೆಯಲ್ಲ, ಈಗ ನೋಡು, ಎಂದು. ಒಂದು ಭಾನುವಾರ ಒಲೆಯ ಮೇಲೆ ಸಾಸು ಕುದಿಯುತ್ತಿರುವಾಗ ಸೊಪ್ಪು ಮುಗಿದು, ಆಕೆಯೇ ಬಂದು ಬಾಗಿಲು ತಟ್ಟಿದಳು.

"ಕೇಳಿದಳಾ?" ಎಂದಳು ಸೆಲ್ವಿ.

"ಕೇಳಲಿಲ್ಲ, ನಿಂತಿದ್ದಳು. ನಾನೂ ಸ್ವಲ್ಪ ಹೊತ್ತು ನಿಲ್ಲಿಸಿದೆ. ಆಮೇಲೆ ಕಿತ್ತು ಕೊಟ್ಟೆ. ಈಗ ಅವಳ ಮೊಮ್ಮಗಳು ಬರ್ತಾಳೆ. ಅವಳು ಬಾಗಿಲೂ ತಟ್ಟಲ್ಲ, ನೇರ ಬಂದು ಕಿತ್ಕೊಂಡು ಹೋಗ್ತಾಳೆ."

ಮತ್ತೆ ಅಜ್ಜಿ ಸೆಲ್ವಿಯತ್ತ ತಿರುಗಿದರು. "ನಿನ್ನ ಅಮ್ಮ ಎಲ್ಲಿದಾಳೆ?"

"ಮನೇಲಿ. ಬೆಂಗಳೂರಲ್ಲಿ."

"ಕರಿ. ಇಲ್ಲಿಂದಲೇ."

ಸೆಲ್ವಿ ಫೋನನ್ನು ಕೈಯಲ್ಲಿ ಹಿಡಿದು ಕೆಳಗಿನ ರಸ್ತೆ ನೋಡಿದಳು. ಎದುರಿನ ಬಾಲ್ಕನಿಗಳಲ್ಲಿ ಜನ ಇದ್ದರು. ಅವಳು ವಿಡಿಯೋ ಕರೆ ಮಾಡಿದಳು. ತೆರೆಯ ಮೇಲೆ ಮೊದಲು ಒಂದು ಕಿವಿ ಬಂತು, ಆಮೇಲೆ ಅಮ್ಮ. ಸೆಲ್ವಿ ಮೆಲ್ಲಗೆ ಏನೋ ಹೇಳಿ ತೊಟ್ಟಿಯನ್ನು ತೋರಿಸಿದಳು.

"ಎನ್ನಡೀ, ಕುಳಿಕ್ಕಿರ ತೊಟ್ಟಿಲೆ ತುಳಸಿಯಾ?" ಎಂದರು ಅಮ್ಮ. ಸ್ನಾನದ ತೊಟ್ಟಿಯಲ್ಲಿ ತುಳಸಿಯೇನೇ?

ಅಷ್ಟರಲ್ಲಿ ಕೆಳಗೆ ಟ್ರಾಮು ಬಂತು. ಸೆಲ್ವಿಯ ಉತ್ತರ ಅಮ್ಮನಿಗೆ ಕೇಳಿಸಲಿಲ್ಲ. ಅವಳು ಮತ್ತೆ ಹೇಳಿದಳು. ಮತ್ತೂ ಕೇಳಿಸಲಿಲ್ಲ. ಮೂರನೆಯ ಸಲಕ್ಕೆ ಸೆಲ್ವಿ ಎದೆ ತುಂಬ ಉಸಿರೆಳೆದು, ಬಸಣ್ಣನ ಅಂಗಡಿಯಲ್ಲಿ ಕೂಗುತ್ತಿದ್ದ ಹಾಗೆಯೇ ಕೂಗಿದಳು, ಅದು ತುಳಸಿಯಲ್ಲ, ಇಲ್ಲಿಯವರು ಸಾರಿಗೆ ಹಾಕುವ ಸೊಪ್ಪು ಎಂದು. ಎದುರಿನ ಬಾಲ್ಕನಿಯ ಮುದುಕನೊಬ್ಬ ಪತ್ರಿಕೆ ಇಳಿಸಿ ನೋಡಿ, ಮತ್ತೆ ಓದತೊಡಗಿದ.

"ಇವತ್ತು ಚೆನ್ನಾಗಿ ಕೇಳಿಸ್ತಾ ಇದೆ," ಎಂದರು ಅಮ್ಮ ತಮಿಳಿನಲ್ಲಿ. "ಇಷ್ಟು ದಿನ ನಿನ್ನ ಫೋನೇ ಸರಿಯಿರಲಿಲ್ಲ ಅನ್ಸತ್ತೆ."

ಸೆಲ್ವಿ ಕಣ್ಣೊರೆಸಿಕೊಂಡಳು. ಆಮೇಲೆ ಅಲ್ಲಿಯೇ ನಿಂತು, ಹುಬ್ಬಿನ ಗಾಯ ಸ್ಕೂಟರಿನಿಂದ ಬಿದ್ದದ್ದಲ್ಲ ಎಂದು ಅಮ್ಮನಿಗೆ ಗಟ್ಟಿ ಗಂಟಲಲ್ಲಿ ಎಲ್ಲವನ್ನೂ ಹೇಳಿದಳು. ಅಮ್ಮ ಇಷ್ಟೇ ಹೇಳಿದರು: "ಅದಕ್ಕೆ ನನ್ನ ಹತ್ರ ಮಾತು ಬಿಡ್ತೀಯಾ?" ಅಷ್ಟರಲ್ಲಿ ಕಾನ್ಚೆತ್ತಾ ಫೋನು ತೆಗೆದುಕೊಂಡಿದ್ದರು. ಒಬ್ಬರು ತಮಿಳಿನಲ್ಲಿ, ಒಬ್ಬರು ತಮ್ಮೂರಿನ ಮಾತಿನಲ್ಲಿ, ಇಬ್ಬರೂ ಒಂದೇ ಸಲಕ್ಕೆ ಕೂಗಾಡಿದರು. ನಡುವೆ ಯಾರೂ ಏನನ್ನೂ ತಿರುಗಿಸಿ ಹೇಳಲಿಲ್ಲ.

ಹೊರಡುವಾಗ ನಾನು ಕ್ಷಮೆ ಕೇಳಿದೆ. ಅಜ್ಜಿ ಮಗಳ ಕಡೆ ನೋಡಿ ಏನೋ ಕೇಳಿದರು. ಊಟದ ಮನೆಯಲ್ಲಿ ಮುದ್ದೆ ನುಂಗಿದ್ದು ನೀನೇ ತಾನೇ ಎಂದು ರೊಸಾರಿಯಾ ತಿರುಗಿಸಿ ಹೇಳಿದರು. ಹೌದೆಂದೆ. ಅವರು ನನ್ನ ಕೆನ್ನೆ ಹಿಂಡಿ, "ಹೋಗಿ ಬಾ, ಪೊಲೆಂತೋನಾ" ಎಂದರು. ಒಟ್ಟಿಗೆ ಉಂಡಾಗಿತ್ತಲ್ಲ.

ಹಸಿರು ಮಾರ್ಗ

ಬೆಂಗಳೂರಿಗೆ ಮರಳಿದ ಮೇಲೆ ಮೊದಲು ಹೋದದ್ದು ಬಸಣ್ಣನ ಅಂಗಡಿಗೆ. ಬಿಜಾಪುರ ಎಂದು ಕರೆದರೆ ಬೇಜಾರೇ ಎಂದು ಕೇಳಿದೆ. ಅವನು ಹಾಲು ಸೋಸುತ್ತಲೇ ಯೋಚಿಸಿದ.

"ಬ್ಯಾಸರ ಏನಿಲ್ರಿ. ಆದ್ರ ರೋಣ ಅಂದ್ರ ಚಲೋ ಅನಸ್ತದ. ನಮ್ಮೂರು ಅದ ಅಲ್ರಿ."

ಈಗ ನಾವಿಬ್ಬರೂ ರೋಣದ ಬಸಣ್ಣ ಎನ್ನುತ್ತೇವೆ. ಗೇಟಿನ ಸೆಕ್ಯೂರಿಟಿಯವರೂ ಕಲಿತಿದ್ದಾರೆ.

ಅದೇ ವಾರದ ಶನಿವಾರ ನಾನೂ ಸೆಲ್ವಿಯೂ ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ ಹೊರಟಿದ್ದೆವು. ರಾಜಾಜಿನಗರದಲ್ಲಿ ಹತ್ತಿದ ಕೂಡಲೇ ಅವಳ ಫೋನು ರಿಂಗಾಯಿತು. ಅಮ್ಮ. ಬೋಗಿಯ ತುಂಬ ಜನ. ಅವಳು ನನ್ನ ಮುಖ ನೋಡಿದಳು, ಫೋನು ಎತ್ತಿದಳು, ನಿಂಬೆಹಣ್ಣು ಬೇಕೋ ಬೇಡವೋ ಎಂದು ತಮಿಳಿನಲ್ಲಿ ಗಟ್ಟಿಯಾಗಿ ಕೇಳಿದಳು.

ಎದುರಿಗೆ ನಿಂತಿದ್ದ ಗಂಡಸೊಬ್ಬರು ತಟ್ಟನೆ ತಿರುಗಿದರು. ಅವರ ಕೈಯಲ್ಲಿ ಹೆಲ್ಮೆಟ್ಟು ಇತ್ತು. ನನ್ನ ಕಾಲು ತಾನಾಗಿಯೇ ಸೆಲ್ವಿಯ ಮುಂದಕ್ಕೆ ಒಂದು ಹೆಜ್ಜೆ ಇಟ್ಟಿತು. ಈ ಸಲ ಅದು ನನಗೆ ತಿಳಿಯಿತು.

"ಮೇಡಂ, ಸ್ವಲ್ಪ ಮೆಲ್ಲಗೆ ಮಾತಾಡಿ," ಎಂದರು. "ಕಿವಿ ತೂತಾಗತ್ತೆ."

"ಸಾರಿ ಸಾರ್," ಎಂದಳು ಸೆಲ್ವಿ ಕನ್ನಡದಲ್ಲಿ. "ಅಮ್ಮಂಗೆ ಕಿವಿ ಕೇಳ್ಸಲ್ಲ."

ಅವರು ಸ್ವಲ್ಪ ಸರಿದು ನಿಂತರು. "ನಮ್ಮಮ್ಮಂಗೂ ಅಷ್ಟೇ. ಮೆಷಿನ್ ಕೊಡಿಸಿದ್ರೆ ಹಾಕ್ಕೊಳಲ್ಲ. ಮಾತಾಡಿ, ಮಾತಾಡಿ."

ಅವಳು ಮಾತಾಡಿದಳು. ನಿಂಬೆಹಣ್ಣು ಬೇಕಂತೆ.

ಆ ರಾತ್ರಿ ಮಲಗಿದ ನನಗೆ ಎಚ್ಚರವಾದಾಗ ಕಿಟಕಿಯ ತುಂಬ ಬಿಸಿಲಿತ್ತು. ತಲೆದೆಸೆಯಲ್ಲಿ ಅಮ್ಮ ಇಟ್ಟು ಹೋದ ಕಾಫಿ ಆರಿ ಕೆನೆಗಟ್ಟಿತ್ತು. ಕೆಳಗೆ ಯಾರೋ ಒಂದು ಕೆಜಿ ರವೆ ಕೇಳುತ್ತಿದ್ದರು. ಅಂಗಡಿಯ ಶಟರ್ ಯಾವಾಗ ಎತ್ತಿದರೋ ನನಗೆ ಗೊತ್ತೇ ಆಗಿರಲಿಲ್ಲ.